ಒಂದು ಸ್ಟಾರ್ ಕೊಟ್ಟ ಪುಣ್ಯಾತ್ಮ

ಥೀಮ್ ಪಾರ್ಕಿಗೆ ಹೋಗುವುದೇನೂ ದೊಡ್ಡ ವಿಷಯವಲ್ಲ. ಬಸ್ಸು ಹತ್ತಿ ಕೂತರೆ ಬಸ್ಸೇ ಕರೆದುಕೊಂಡು ಹೋಗುತ್ತದೆ. ಗೇಟು ದಾಟಿದ ಮೇಲೆ ಮಕ್ಕಳು ಎಳೆದುಕೊಂಡು ಹೋಗುತ್ತವೆ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿದಾಗ ಎಲ್ಲಿ ಕೂತು ಏನು ತಿನ್ನುವುದು ಎನ್ನುವಾಗ ಮಾತ್ರ ತಲೆಬಿಸಿ ಶುರುವಾಗುತ್ತದೆ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಅಡುಗೆಮನೆ. ಫೋನು ತೆರೆದರೆ ಒಬ್ಬ ಅಮೃತ ಅನ್ನುತ್ತಾನೆ, ಇನ್ನೊಬ್ಬ ಬಾಯಿಗಿಡಲಾಗದು ಅನ್ನುತ್ತಾನೆ. ಯಾರ ಮಾತು ನಂಬುವುದು? ನಿಮಗೂ ಈ ಪೇಚಾಟ ಬಂದಿರುತ್ತದೆ. ಕಾಲರಕ್ಕನಿಗೂ ಬಂತು. ಅವಳಿಗೆ ಅದು ರುಚಿಯ ಪ್ರಶ್ನೆಯಾಗಿರಲಿಲ್ಲ, ಮಗಳ ಉಸಿರಿನ ಪ್ರಶ್ನೆಯಾಗಿತ್ತು.

ಕಾಲರಕ್ಕ ಎಂದರೆ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆ. ಉದ್ದನೆಯ ಒಂದೇ ಕೋಣೆ, ಎರಡು ಸಾಲಿನಲ್ಲಿ ಹದಿನಾಲ್ಕು ಮೆಷಿನ್ನು, ಕಾಲಡಿಯಲ್ಲಿ ಯಾವಾಗಲೂ ನೀಲಿ ದಾರದ ಚೂರು. ಅಲ್ಲಿ ಯಾರು ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಜೇಬು ಹಚ್ಚುವವಳು ಜೇಬಕ್ಕ. ಗುಂಡಿ ಹಾಕುವವಳು ಕಡ್ಡಿಯಂತಿದ್ದರೂ ಗುಂಡಕ್ಕ. ಅಂಗಿಗೆ ಕಾಲರ್ ಕೂಡಿಸುವ ನಮ್ಮ ಹೆಂಗಸು ಕಾಲರಕ್ಕ. ಎಲ್ಲರ ಕೆಲಸ ಮುಗಿದ ಮೇಲೆ ಅಂಗಿ ಹೋಗುವುದು ಕಿಟಕಿಯ ಪಕ್ಕದ ಮೇಜಿಗೆ. ಅಲ್ಲಿ ಕೂತಿರುವವಳು ಚೆಕಿಂಗಕ್ಕ. ಅವಳ ಕಣ್ಣು ತಪ್ಪಿಸಿ ಒಂದು ದಾರವೂ ಹೊರಗೆ ಹೋದದ್ದಿಲ್ಲ.

ಕಾಲರಕ್ಕನಿಗೆ ಎಂಟು ವರ್ಷದ ಮಗಳು. ಬಾಯಿ ತೆರೆದರೆ ಮುಚ್ಚದ ಮಗುವಾದ್ದರಿಂದ ಮನೆಯಲ್ಲಿ ಚಿನಕುರಳಿ ಅಂತಲೇ ಕರೆಯುತ್ತಾರೆ. ಮೂರು ವರ್ಷದವಳಿದ್ದಾಗ ಪಕ್ಕದ ಮನೆಯವರು ಪ್ರೀತಿಯಿಂದ ಒಂದು ಬಿಸ್ಕತ್ತು ಕೊಟ್ಟಿದ್ದರು. ಅದರಲ್ಲಿ ಕಡಲೆಕಾಯಿ ಇತ್ತು. ಹತ್ತು ನಿಮಿಷದಲ್ಲಿ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಅಪ್ಪ ಎತ್ತಿಕೊಂಡು ಓಡಿದ. ಆಸ್ಪತ್ರೆಯವರು ಉಳಿಸಿಕೊಟ್ಟರು. ಅಂದಿನಿಂದ ಕಡಲೆಕಾಯಿ, ಕಡಲೆಕಾಯಿ ಎಣ್ಣೆ, ಅದು ತಾಗಿದ ಬಾಣಲೆ, ಸೌಟು ಯಾವುದೂ ಈ ಮಗುವಿನ ಹತ್ತಿರ ಸುಳಿಯುವಂತಿಲ್ಲ. ಉಸಿರು ಕಟ್ಟಿದರೆ ತಕ್ಷಣ ಚುಚ್ಚಲೆಂದು ಡಾಕ್ಟರು ಕೊಟ್ಟ ಮದ್ದಿನ ಪೆನ್ನು ತಾಯಿಯ ಚೀಲದಲ್ಲಿ ಸದಾ ಇರುತ್ತದೆ. ಜೊತೆಗೆ ಒಂದು ಸ್ಟೀಲ್ ಡಬ್ಬಿ. ಶಾಲೆಗೂ ಡಬ್ಬಿ, ಮದುವೆ ಮನೆಗೂ ಡಬ್ಬಿ, ಗೆಳತಿಯ ಹುಟ್ಟುಹಬ್ಬಕ್ಕೂ ಅದೇ ಡಬ್ಬಿ. ಹುಟ್ಟಿದಾಗಿನಿಂದ ಆ ಮಗು ಹೋಟೆಲಿನ ಮೇಜಿನ ಮುಂದೆ ಕೂತು ತಟ್ಟೆಯಲ್ಲಿ ತಿಂದದ್ದೇ ಇಲ್ಲ.

ಹೀಗಿರುವಾಗ ಕಾರ್ಖಾನೆಯಲ್ಲಿ ಒಂದು ಚೀಟಿ ಅಂಟಿಸಿದರು. ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಗೋಡೆಗೆ. ಕೆಲಸಗಾರರು ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಥೀಮ್ ಪಾರ್ಕಿಗೆ ಹೋಗುವುದು, ಬರುವವರು ಶನಿವಾರದೊಳಗೆ ಹೆಸರು ಕೊಡಬೇಕು, ಊಟ ಎಲ್ಲರಿಗೂ ಪಾರ್ಕಿನ ಒಳಗಿನ ಒಂದೇ ಹೋಟೆಲಿನಲ್ಲಿ, ಯಾವ ಹೋಟೆಲು ಎಂದು ನೀವೇ ಸೇರಿ ಹೇಳಿ. ಹದಿನೆಂಟು ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರಂತೆ.

ಚಿನಕುರಳಿ ಇದನ್ನು ಕೇಳಿ ಎಂದಿನಂತೆ ಕುಣಿಯಲಿಲ್ಲ. ಶೂ ಲೇಸು ಕಟ್ಟಿಕೊಳ್ಳುತ್ತ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಅಮ್ಮಾ, ಅಲ್ಲಿಗೂ ಡಬ್ಬೀನಾ?"

"ಮತ್ತೆ? ನಿನಗೆ ಇಷ್ಟ ಆಗೋದನ್ನೇ ಮಾಡಿ ಹಾಕ್ತೀನಿ ಕಂದಾ."

"ಎಲ್ಲರೂ ತಟ್ಟೇಲಿ ತಿಂತಾರೆ. ನಾನೊಬ್ಬಳೇ ಡಬ್ಬಿ ತೆಗೆದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ. ಹಾಗಾದ್ರೆ ನಾನು ಬರಲ್ಲ ಬಿಡು. ನನಗೆ ರಾಟೆ ತೊಟ್ಟಿಲು ಹತ್ತೋದಂದ್ರೆ ಅಷ್ಟೇನೂ ಇಷ್ಟ ಇಲ್ಲ."

ಹೋದ ವಾರವಷ್ಟೇ ಗೋಡೆಯ ಮೇಲೆಲ್ಲ ರಾಟೆಯ ಚಿತ್ರ ಬರೆದು ಬೈಸಿಕೊಂಡ ಮಗು ಅದು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಎಷ್ಟೋ ಮಹಡಿ ಮೇಲಕ್ಕೂ ಕೆಳಕ್ಕೂ ಓಡಾಡುವ ಮನುಷ್ಯನಾದರೂ ಮಾತಿನಲ್ಲಿ ಮಾತ್ರ ಸದಾ ಮೇಲೇ ಇರುತ್ತಾನೆ. ಅಂದು ಬೆಳಿಗ್ಗೆ ಫೋನು ಹಿಡಿದು ಅಡುಗೆಮನೆಗೆ ಬಂದ.

"ಇಲ್ನೋಡೇ, ಇಷ್ಟಕ್ಕೆಲ್ಲ ಯೋಚನೆ ಯಾಕೆ? ಪಾರ್ಕ್ ಒಳಗೆ ಹಡಗಿನ ಥರ ಕಟ್ಟಿರೋ ಹೋಟೆಲಿದೆ. ಐದಕ್ಕೆ ನಾಲ್ಕೂ ಮುಕ್ಕಾಲು ಸ್ಟಾರು! ಸಾವಿರಾರು ಜನ ಹೊಗಳಿದ್ದಾರೆ. ಕೆರೆ ಪಕ್ಕ ಇನ್ನೊಂದಿದೆ, ಅದಕ್ಕೆ ಬರೀ ಮೂರೂವರೆ. ಹಡಗಿಗೇ ಹೋಗೋಣ. ಅಷ್ಟು ಒಳ್ಳೆ ಹೋಟೆಲಲ್ಲಿ ಮಗುಗೆ ಬೇಕಾದ್ದು ಮಾಡಿಕೊಡಲ್ವಾ?"

"ಸ್ಟಾರಾ?" ಎಂದು ಕಾಲರಕ್ಕ ಮೂಗು ಮುರಿದಳು. "ರೀ, ಆ ಸ್ಟಾರ್ ಕಥೆ ನನಗೆ ಹೇಳ್ಬೇಡಿ. ನಾನೇ ಕೊಟ್ಟಿದ್ದೀನಿ ಅಂಥ ಸ್ಟಾರು."

ಅದು ನಿಜ. ಆರು ತಿಂಗಳ ಹಿಂದೆ ಕಾರ್ಖಾನೆಯ ಮಾಲೀಕರು ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ ತೆರೆದಿದ್ದರು. ಟೀ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ, ಫೋನು ತೆಗೆಸಿ, ಐದೈದು ಸ್ಟಾರ್ ಒತ್ತಿಸಿ, ನಾಲ್ಕು ಒಳ್ಳೆಯ ಮಾತು ಬರೆಸಿದರು. ಬರೆದವರಿಗೆಲ್ಲ ಒಂದೊಂದು ಬನ್ನು. ಕಾಲರಕ್ಕ ಆ ಅಂಗಡಿಯ ಮೆಟ್ಟಿಲು ಕೂಡ ನೋಡಿರಲಿಲ್ಲ. ಆದರೂ ಬರೆದಳು, ಬನ್ನೂ ತಿಂದಳು. ಅಂದಿನಿಂದ ಫೋನಿನಲ್ಲಿ ಯಾರು ಏನು ಹೊಗಳಿದರೂ ಅವಳ ಬಾಯಿಗೆ ಬರುವುದು ಆ ಬನ್ನಿನ ರುಚಿಯೇ.

"ಎಲ್ಲ ಬನ್ನು ತಿಂದವರೇ ಬರೆಯೋದು," ಎಂದಳು. "ನನ್ನ ಮಗಳನ್ನ ಅದನ್ನ ನಂಬಿ ಕರ್ಕೊಂಡು ಹೋಗ್ಲಾ? ನಾವು ಬರಲ್ಲ ಅಂತ ಹೇಳ್ಬಿಡ್ತೀನಿ."

ಬಾಗಿಲ ಹತ್ತಿರ ಚಿನಕುರಳಿ ಎರಡನೇ ಶೂ ಲೇಸನ್ನು ಮೂರನೇ ಸಲ ಕಟ್ಟುತ್ತಿದ್ದಳು.

ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟದ ಬಿಡುವು. ಕಾಲರಕ್ಕ ಚೀಟಿಯ ಮುಂದೆ ಪೆನ್ಸಿಲ್ ಹಿಡಿದು ನಿಂತಿದ್ದಳು. ಬರಲ್ಲ ಎಂಬ ಸಾಲಿನಲ್ಲಿ ಹೆಸರು ಬರೆಯುವುದಷ್ಟೇ ಬಾಕಿ.

"ಏನಮ್ಮಾ, ಇವತ್ತು ನಿನ್ನ ಮೂರು ಕಾಲರ್ ಸೊಟ್ಟ," ಎಂದು ಕಿಟಕಿಯ ಕಡೆಯಿಂದ ದನಿ ಬಂತು. "ಹನ್ನೊಂದು ವರ್ಷಕ್ಕೆ ಇದೇ ಮೊದಲು. ಏನಾಯ್ತು ಹೇಳು."

ಚೆಕಿಂಗಕ್ಕನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ವಯಸ್ಸು ಐವತ್ತೆಂಟು, ಓದಿದ್ದು ಏಳನೇ ತರಗತಿ. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ದಾರ ಸುತ್ತಿದ್ದಾಳೆ. ಅಂಗಿ ಕೈಗೆ ಬಂದರೆ ಮೊದಲು ಮುಂಭಾಗ ನೋಡುವುದಿಲ್ಲ. ಫಟ್ಟನೆ ಒಳಮೈ ಹೊರಗೆ ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಾಳೆ. ಎಲ್ಲಿ ಒಂದು ಹೊಲಿಗೆ ಬಿಟ್ಟಿದೆಯೋ ಅಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ. ಹೊಸಬರಿಗೆ ಬೈಯುವುದಿಲ್ಲ, ತಪ್ಪನ್ನು ಅವರ ಬೆರಳಿಗೇ ಮುಟ್ಟಿಸುತ್ತಾಳೆ. ಇಂಥವರು ಒಂದು ಕಾರ್ಖಾನೆಗೆ ಒಬ್ಬರಿದ್ದರೆ ಸಾಕು, ಸಾವಿರಾರು ಮಕ್ಕಳ ಅಂಗಿ ಹರಿಯದೆ ವರ್ಷ ಕಳೆಯುತ್ತದೆ. ಆ ಮಕ್ಕಳಿಗೆ ಇವಳು ಯಾರೆಂದು ಗೊತ್ತೇ ಇರುವುದಿಲ್ಲ.

ಕಾಲರಕ್ಕ ಎಲ್ಲವನ್ನೂ ಹೇಳಿಕೊಂಡಳು. ಡಬ್ಬಿ, ತಟ್ಟೆ, ಹಡಗು, ಸ್ಟಾರು, ಬನ್ನು.

"ನೀನು ಬರೆದಿದ್ದು ಇನ್ನೂ ಇದೆಯಾ? ತೆಗೆದು ಓದು," ಎಂದಳು ಚೆಕಿಂಗಕ್ಕ.

ಕಾಲರಕ್ಕ ನಾಚಿಕೊಳ್ಳುತ್ತ ಓದಿದಳು. "ಸೂಪರ್ ಅಂಗಡಿ. ತುಂಬಾ ಚೆನ್ನಾಗಿದೆ. ಎಲ್ಲರೂ ತಪ್ಪದೆ ಬನ್ನಿ."

"ಬಾಗಿಲು ಯಾವ ಕಡೆ ಇದೆ ಅಂತ ಬರೆದಿದ್ದೀಯಾ?"

"ಇಲ್ಲ."

"ಏನು ತಗೊಂಡೆ, ಯಾರು ತೋರಿಸಿದ್ರು, ಎಷ್ಟು ಹೊತ್ತು ನಿಂತಿದ್ದೆ, ಅದಾದ್ರೂ?"

"ನಾನು ಹೋಗೇ ಇಲ್ವಲ್ಲಕ್ಕಾ! ಏನಂತ ಬರೀಲಿ?"

"ಅಷ್ಟೇ ನೋಡು ಗುಟ್ಟು!" ಚೆಕಿಂಗಕ್ಕ ಮೇಜು ಕುಟ್ಟಿದಳು. "ಹೋಗದೇ ಇರೋರಿಗೆ ಹೇಳೋಕೆ ಏನೂ ಇರಲ್ಲ. ಸೂಪರ್ ಅಂತಾರೆ, ಬನ್ನಿ ಅಂತಾರೆ, ಮುಗೀತು. ಹೋಗಿ ಬಂದೋರು ಸುಮ್ನಿರು ಅಂದ್ರೂ ಸುಮ್ನಿರಲ್ಲ. ಮೇಜು ಅಂಟಂಟು ಅಂತಾರೆ, ನೀರು ಕೇಳಿದ್ರೆ ಅರ್ಧ ಗಂಟೆ ಅಂತಾರೆ, ಬಡಿಸೋ ಹುಡುಗಿ ನಕ್ಕಳು ಅಂತಾರೆ. ನೀನು ಸುಳ್ಳು ಬರೆದೆ ಅಂತ ಲೋಕವೆಲ್ಲ ಸುಳ್ಳು ಅಂದ್ರೆ ಹೇಗಮ್ಮಾ? ಒಂದು ಅಂಗಿ ಹೊಲಿಗೆ ಬಿಟ್ಟಿದೆ ಅಂತ ನಾನು ಇಡೀ ಕಟ್ಟು ಬಿಸಾಕ್ತೀನಾ? ತಿರುವಿ ನೋಡ್ತೀನಿ. ಕೊಡು ಫೋನು."

ಕಾಲರಕ್ಕ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಂದು ಇಬ್ಬರ ಊಟವೂ ತಣ್ಣಗಾಯಿತು.

ಮೊದಲು ಹಡಗಿನ ಹೋಟೆಲು. ಚೆಕಿಂಗಕ್ಕ ಹೊಗಳಿಕೆಗಳ ಮೇಲೆ ಹೆಬ್ಬೆರಳು ಓಡಿಸುತ್ತ ಹೋದಳು. ಸೂಪರ್. ಬೊಂಬಾಟ್. ಸೂಪರ್ ಊಟ, ಸೂಪರ್ ಜಾಗ. ಒಂದೇ ವಾರದಲ್ಲಿ ನೂರಕ್ಕೂ ಹೆಚ್ಚು, ಅದಕ್ಕೆ ಹಿಂದಿನ ತಿಂಗಳು ಬರೀ ನಾಲ್ಕು.

"ಈ ಬೊಂಬಾಟ್ ಅಂದವನ ಹೆಸರು ಒತ್ತಿ ನೋಡೋಣ. ಬೇರೆ ಎಲ್ಲೆಲ್ಲಿ ಬರೆದಿದ್ದಾನೆ? ಒಂದೇ ದಿನ ಹಲ್ಲಿನ ಆಸ್ಪತ್ರೆ, ಟೈರ್ ಅಂಗಡಿ, ಡ್ರೈವಿಂಗ್ ಸ್ಕೂಲು, ಹಡಗಿನ ಹೋಟೆಲು. ಎಲ್ಲಕ್ಕೂ ಐದು ಸ್ಟಾರು, ಎಲ್ಲಕ್ಕೂ ಬೊಂಬಾಟ್. ಹಲ್ಲು ಕೀಳಿಸಿಕೊಂಡು, ಟೈರ್ ಹಾಕಿಸಿಕೊಂಡು, ಡ್ರೈವಿಂಗ್ ಕಲಿತು, ಅದೇ ಬಾಯಲ್ಲಿ ಊಟ ಮಾಡಿದನಂತೆ ಪುಣ್ಯಾತ್ಮ!"

ಕಾಲರಕ್ಕ ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು.

ಕೆಳಗೆ ಯಾರೋ ಒಬ್ಬರು ಮೂರು ಸ್ಟಾರ್ ಕೊಟ್ಟು ಬರೆದಿದ್ದರು. ಊಟ ಪರವಾಗಿಲ್ಲ, ಐದು ಸ್ಟಾರ್ ಹಾಕಿ ತೋರಿಸಿದರೆ ಐಸ್‌ಕ್ರೀಂ ಫ್ರೀ ಎಂದರು, ನನಗೆ ನೆಗಡಿ, ಅದಕ್ಕೆ ಹಾಕಲಿಲ್ಲ.

"ನೋಡು, ನಿನ್ನ ಬನ್ನು ಇಲ್ಲಿ ಐಸ್‌ಕ್ರೀಂ ಆಗಿದೆ," ಎಂದಳು ಚೆಕಿಂಗಕ್ಕ. "ಊಟ ಕೆಟ್ಟದು ಅಂತ ಇದರಿಂದ ಗೊತ್ತಾಗಲ್ಲ. ಈ ಸ್ಟಾರುಗಳನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ ಅಂತ ಮಾತ್ರ ಗೊತ್ತಾಯ್ತು."

"ಹಾಗಾದ್ರೆ ಬೈದಿರೋದನ್ನ ನಂಬಬೇಕಾ?"

"ಬೈದಿರೋದನ್ನೂ ತಿರುವಿ ನೋಡಬೇಕು. ಬಾ, ಕೆರೆ ಪಕ್ಕದ ಹೋಟೆಲಿಗೆ ಹೋಗೋಣ."

ಕೆರೆ ಪಕ್ಕದ ಹೋಟೆಲಿಗೆ ಬೈಗುಳಕ್ಕೇನೂ ಬರವಿರಲಿಲ್ಲ. ಮಳೆ ಬಂತು, ಒಂದು ಸ್ಟಾರ್, ಎಂದು ಒಬ್ಬ ಬರೆದಿದ್ದ. ಮಳೆಗೂ ಹೋಟೆಲಿಗೂ ಏನು ಸಂಬಂಧವೋ ದೇವರಿಗೇ ಗೊತ್ತು. ಕುರ್ಚಿ ಅಲುಗಾಡುತ್ತದೆ ಎಂದು ಒಂಬತ್ತು ಜನ. ಬಾತುಕೋಳಿಗಳು ಬಂದು ತಟ್ಟೆಯಿಂದಲೇ ಕಸಿದುಕೊಂಡು ಹೋಗುತ್ತವೆ ಎಂದು ಆರು ಜನ.

"ಒಂಬತ್ತು ಜನ ಬೇರೆಬೇರೆ ತಿಂಗಳಲ್ಲಿ ಬಂದು, ಬೇರೆಬೇರೆ ಮಾತಲ್ಲಿ ಅದೇ ಕುರ್ಚಿ ಬಗ್ಗೆ ಹೇಳಿದ್ರೆ ಕುರ್ಚಿ ಅಲುಗಾಡೋದು ಖಂಡಿತ," ಎಂದಳು ಚೆಕಿಂಗಕ್ಕ. "ಈಗ ನೀನು ಹೇಳು. ಕುರ್ಚಿ ಅಲುಗಾಡಿದ್ರೆ ನಿನಗೇನಾದ್ರೂ ಭಯಾನಾ?"

"ನನಗೇನು? ಮನೇಲಿರೋದು ಅಂಥದ್ದೇ."

"ನೀನು ಯಾವುದಕ್ಕೆ ಹೆದರ್ತೀಯೋ ಅದನ್ನ ಹುಡುಕು. ಬೇರೆಯವರ ಕಷ್ಟ ನಮ್ಮ ಕಷ್ಟ ಅಲ್ಲ. ಅಲರ್ಜಿ ಅಂತ ಬರೆದು ಹುಡುಕು, ಕಡಲೆಕಾಯಿ ಅಂತ ಬರೆದು ಹುಡುಕು."

ಕಾಲರಕ್ಕ ಹುಡುಕಿದಳು. ಹಡಗಿನ ಹೋಟೆಲಿನ ಸಾವಿರಾರು ಹೊಗಳಿಕೆಯಲ್ಲಿ ಆ ಪದವೇ ಇರಲಿಲ್ಲ. ಕೆರೆ ಪಕ್ಕದ ಹೋಟೆಲಿನಲ್ಲಿ ಒಂದು ಸಿಕ್ಕಿತು. ಒಂದೇ ಸ್ಟಾರ್ ಕೊಟ್ಟಿದ್ದ, ಮೈಯೆಲ್ಲ ಸಿಡುಕು ತುಂಬಿಕೊಂಡ ಒಬ್ಬ ಮನುಷ್ಯ. ಅವಳು ಗಟ್ಟಿಯಾಗಿ ಓದಿದಳು.

"ದಯವಿಟ್ಟು ಯಾರೂ ಇಲ್ಲಿಗೆ ಬರಬೇಡಿ. ಮೂವತ್ತೈದು ನಿಮಿಷ ಕಾಯಿಸಿದರು. ಕಾರಣ ಏನು ಗೊತ್ತೇ? ಪಕ್ಕದ ಮೇಜಿನ ಮಗುವಿಗೆ ಕಡಲೆಕಾಯಿ ಅಲರ್ಜಿಯಂತೆ. ಅಡುಗೆಯವನು ಒಳಗಿನ ಕೆಲಸ ಬಿಟ್ಟು ಹೊರಗೆ ಬಂದು, ದಪ್ಪನೆಯ ಒಂದು ಫೈಲು ಹಿಡಿದು, ಯಾವ ಪದಾರ್ಥದಲ್ಲಿ ಏನೇನಿದೆ ಎಂದು ಆ ತಾಯಿಗೆ ಒಂದೊಂದೇ ಓದಿ ಹೇಳುತ್ತ ನಿಂತ. ಆಮೇಲೆ ಒಲೆ ಒರೆಸಿ, ಬೇರೆ ಬಾಣಲೆ ತೆಗೆದು, ಕೈ ತೊಳೆದು, ಆ ಮಗುವಿಗೇ ಮೊದಲು ಮಾಡಿದ. ಒಂದು ಮಗುವಿಗಾಗಿ ನಾವೆಲ್ಲ ಹಸಿದು ಕೂರಬೇಕೇ? ಇವರಿಗೆ ವ್ಯಾಪಾರವೇ ಗೊತ್ತಿಲ್ಲ."

ಓದಿ ಮುಗಿಸಿ ಕಾಲರಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆ ಅಡುಗೆಯವನು ಫೈಲು ಹಿಡಿದು ನಿಂತದ್ದು ಅವಳ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಐದು ವರ್ಷದಿಂದ ಅವಳು ಹೋದಲ್ಲೆಲ್ಲ ಕೇಳಿದ್ದು ಒಂದೇ ಮಾತು. ಒಂದು ಚೂರಿಗೆ ಏನಾಗುತ್ತಮ್ಮಾ, ನೀನೇ ಮಗೂನ ನಾಜೂಕು ಮಾಡಿಟ್ಟಿದ್ದೀಯ. ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯ ಯಾರದೋ ಮಗುವಿಗಾಗಿ ಒಲೆ ಒರೆಸಿದನಲ್ಲ!

"ಈ ಬೈದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರಬೇಡಿ ಅಂತ ಬರೆದು ನನ್ನನ್ನೇ ಕರೆದನಲ್ಲಕ್ಕಾ!"

"ಸ್ವಲ್ಪ ತಾಳು. ಅಳೋ ಮುಂಚೆ ತಾರೀಖು ನೋಡು," ಎಂದಳು ಚೆಕಿಂಗಕ್ಕ.

ನೋಡಿದರೆ ಎರಡು ವರ್ಷ ಹಳೆಯದು. ಕಾಲರಕ್ಕನ ಮುಖ ಇಳಿದುಹೋಯಿತು.

"ಎರಡು ವರ್ಷದಲ್ಲಿ ಅಡುಗೆಯವನು ಬದಲಾಗಿರಬಹುದು, ಎಣ್ಣೆ ಬದಲಾಗಿರಬಹುದು. ರಿವ್ಯೂ ಓದೋದು ಎಲ್ಲಿ ಕೇಳಬೇಕು ಅಂತ ತಿಳಿಯೋಕೆ. ಕೇಳಬೇಕಾದೋಳು ನೀನೇ. ಎರಡೂ ಕಡೆ ಫೋನ್ ಮಾಡು. ಒಂದೇ ಪ್ರಶ್ನೆ ಕೇಳು, ಹೇಗೆ ಉತ್ತರ ಕೊಡ್ತಾರೆ ನೋಡು."

ಮೊದಲು ಹಡಗಿಗೆ ಫೋನು ಹೋಯಿತು. ಎತ್ತಿದವನ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು.

"ನನ್ನ ಮಗುಗೆ ಕಡಲೆಕಾಯಿ ಆಗಲ್ಲಪ್ಪಾ. ನೀವು ಯಾವ ಎಣ್ಣೆ ಹಾಕ್ತೀರಾ?"

"ಒಳ್ಳೇ ಎಣ್ಣೆ ಮೇಡಂ!"

"ಒಳ್ಳೇದೇ ಇರುತ್ತೆ. ಯಾವ ಎಣ್ಣೆ?"

"ಬೆಸ್ಟ್ ಎಣ್ಣೆ ಮೇಡಂ. ಏನೂ ಆಗಲ್ಲ, ಧೈರ್ಯವಾಗಿ ಬನ್ನಿ. ಎಷ್ಟು ಜನ?"

ಅವಳು ಫೋನಿಟ್ಟಳು. ಕೆರೆ ಪಕ್ಕದ ಹೋಟೆಲಿನಲ್ಲಿ ಫೋನು ಬಹಳ ಹೊತ್ತು ರಿಂಗಾಯಿತು. ಎತ್ತಿದ ಹೆಂಗಸು ಪ್ರಶ್ನೆ ಕೇಳಿ, "ಅದು ನಾನು ಹೇಳೋ ವಿಷಯ ಅಲ್ಲಮ್ಮಾ, ಒಳಗೆ ಕೊಡ್ತೀನಿ" ಎಂದಳು. ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಒಂದು ಒರಟು ದನಿ.

"ಹೇಳಿ. ಮಗುಗೆ ವಯಸ್ಸೆಷ್ಟು? ತಿಂದ್ರೆ ಮಾತ್ರಾನಾ, ತಾಗಿದ್ರೂ ಆಗಲ್ವಾ? ಡಾಕ್ಟರ್ ಪೆನ್ ಕೊಟ್ಟಿದ್ದಾರಾ?"

ಕಾಲರಕ್ಕ ಎಲ್ಲಕ್ಕೂ ಉತ್ತರ ಹೇಳಿದಳು. ಇಷ್ಟು ವರ್ಷ ಅವಳೇ ಪ್ರಶ್ನೆ ಕೇಳುತ್ತಿದ್ದಳು. ಮೊದಲ ಸಲ ಬೇರೊಬ್ಬರು ಅವಳನ್ನು ಕೇಳುತ್ತಿದ್ದರು.

"ನಮ್ಮದು ಸೂರ್ಯಕಾಂತಿ ಎಣ್ಣೆ," ಎಂದ ಅವನು. "ಕಡಲೆಕಾಯಿ ನನ್ನ ಅಡುಗೆಮನೆಗೆ ಬರಲ್ಲ. ಆದ್ರೆ ಒಂದು ಮಾತು ಮುಂಚೇನೇ ಹೇಳಿಬಿಡ್ತೀನಿ. ಸಿಹಿ ತಿಂಡಿ ನಮ್ಮಲ್ಲಿ ಮಾಡಲ್ಲ, ಹೊರಗಿಂದ ಬರುತ್ತೆ. ಅದರಲ್ಲೇನಿದೆ ಅಂತ ನಾನು ಮಾತು ಕೊಡಲ್ಲ. ಅದನ್ನ ಮಗುಗೆ ಕೊಡಲೇಬೇಡಿ. ಹನ್ನೆರಡೂವರೆಗೆ ಮುಂಚೆ ಬನ್ನಿ, ಆಮೇಲೆ ಗದ್ದಲ ಆಗುತ್ತೆ. ಪೆನ್ನು ಮಾತ್ರ ಮರೀಬೇಡಿ. ನಾನೂ ಮನುಷ್ಯನೇ."

ಕಾಲರಕ್ಕ ಫೋನಿಟ್ಟಳು. ಏನೂ ಆಗಲ್ಲ ಎಂದವನ ಮೇಲೆ ಬಾರದ ನಂಬಿಕೆ, ಇದಕ್ಕೆ ಮಾತು ಕೊಡಲ್ಲ ಎಂದವನ ಮೇಲೆ ಬಂದಿತ್ತು.

"ಇದನ್ನೆಲ್ಲ ಎಲ್ಲಿ ಕಲಿತೆ ಅಕ್ಕಾ?"

"ಎಲ್ಲಿ ಕಲೀಲಿ? ಮೂವತ್ತು ವರ್ಷ ಅಂಗಿ ತಿರುವಿದ್ದೀನಿ," ಎಂದ ಚೆಕಿಂಗಕ್ಕ ಸೊಟ್ಟಗಿದ್ದ ಮೂರು ಅಂಗಿಗಳನ್ನು ಅವಳ ಮಡಿಲಿಗೆ ಹಾಕಿದಳು. "ಹೋಗು, ಈ ಕಾಲರ್ ಬಿಚ್ಚಿ ಹೊಲಿ."

ಕಾಲರಕ್ಕ ಚೀಟಿಯಲ್ಲಿ ಬರುತ್ತೇವೆ ಎಂಬ ಸಾಲಿನಲ್ಲಿ ಹೆಸರು ಬರೆದಳು. ಚೆಕಿಂಗಕ್ಕ ಹೇಳಿದ ಮೇಲೆ ಉಳಿದ ಹೆಂಗಸರೂ ಕೆರೆ ಪಕ್ಕದ ಹೋಟೆಲಿಗೇ ಒಪ್ಪಿದರು. ಸಂಜೆ ಗಂಡನಿಗೂ ಎಲ್ಲ ಹೇಳಿದಳು. ಮೂರೂವರೆ ಸ್ಟಾರಿನ ಹೋಟೆಲು ಎಂದು ಅವನು ಮೊದಮೊದಲು ಗೊಣಗಿದ. ಆ ಒಂದು ಸ್ಟಾರಿನ ಬೈಗುಳವನ್ನು ಅವಳು ಅವನಿಂದಲೇ ಓದಿಸಿದಳು. ಅಂದು ಮಗುವನ್ನು ಎತ್ತಿಕೊಂಡು ಓಡಿದ್ದವನು ಅವನೇ ಅಲ್ಲವೇ? ಇನ್ನೊಂದು ಸಲ ಓದಿ, ಫೋನನ್ನು ಹೆಂಡತಿಗೆ ಕೊಟ್ಟು, "ಪೆನ್ನು ಎರಡು ಇಟ್ಕೋ, ಒಂದು ನನ್ನ ಜೇಬಲ್ಲಿರಲಿ" ಎಂದ.

ಹೋದ ದಿನ ಹೇಗಿತ್ತೆಂದು ಕೇಳುತ್ತೀರಾ? ಕುರ್ಚಿ ನಿಜವಾಗಿಯೂ ಅಲುಗಾಡಿತು. ಬಾತುಕೋಳಿಯೊಂದು ಗುಂಡಕ್ಕನ ತಟ್ಟೆಯಿಂದ ಕರಿದ ಆಲೂಗಡ್ಡೆ ಎಗರಿಸಿಕೊಂಡು ಹೋಯಿತು. ಅವಳು ಕೆರೆಯವರೆಗೂ ಅಟ್ಟಿಸಿಕೊಂಡು ಹೋಗಿ ಬರಿಗೈಯಲ್ಲಿ ಬಂದಳು. ಬರೆದವರು ಬರೆದದ್ದರಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

ಅಡುಗೆಯವನು ಹೊರಗೆ ಬಂದ. ನೋಡಿದರೆ ಹೆದರಬೇಕು ಅಂಥ ಆಳು, ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು, ಕಂಕುಳಲ್ಲಿ ಫೈಲು. ಅವನು ತಾಯಿಯ ಹತ್ತಿರ ಹೋಗಲಿಲ್ಲ. ಚಿನಕುರಳಿಯ ಮುಂದೆ ಮೊಣಕಾಲೂರಿ ಕೂತು, ಫೈಲು ತೆರೆದು, ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದ. ಮಗು ದೊಡ್ಡ ಆಫೀಸರಂತೆ ಪ್ರತಿ ಸಾಲಿಗೂ ಹೂಂಗುಟ್ಟಿತು. ಕಾಲರಕ್ಕನ ಕೈ ಮಾತ್ರ ಚೀಲದೊಳಗಿನ ಪೆನ್ನನ್ನು ಬಿಡಲಿಲ್ಲ.

ಹದಿನೆಂಟು ಮಕ್ಕಳಿಗೂ ಒಂದೇ ಊಟ ಎಂದು ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಇಪ್ಪತ್ತೆಂಟು ನಿಮಿಷ ಕಾದರು. ಬಿಸಿ ಅನ್ನ, ತರಕಾರಿ, ಕರಿದ ಆಲೂಗಡ್ಡೆ ಬಂತು. ಚಿನಕುರಳಿ ಸಾಲಿನ ನಡುವೆ ಕೂತು ಎಲ್ಲರ ಹಾಗೆ ತಿಂದಳು. ಯಾರೂ ಅವಳನ್ನು ನೋಡಲಿಲ್ಲ. ಎಲ್ಲರೂ ತಮ್ಮತಮ್ಮ ತಟ್ಟೆಯನ್ನೂ ಬಾತುಕೋಳಿಯನ್ನೂ ಕಾಯುವುದರಲ್ಲಿದ್ದರು. ಅವಳಿಗೆ ಬೇಕಾಗಿದ್ದದ್ದೂ ಅದೇ.

ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾಯಿಯ ಹತ್ತಿರ ಬಂದಳು.

"ಅಮ್ಮಾ, ಇದನ್ನ ಎಲ್ಲಿ ತೊಳೀಬೇಕು?"

"ನೀನು ತೊಳೆಯೋದು ಬೇಡ ಪುಟ್ಟಾ. ಮೇಜಿನ ಮೇಲೆ ಬಿಡು, ಅವರು ತಗೊಂಡು ಹೋಗ್ತಾರೆ."

"ಸುಮ್ನೆ ಬಿಟ್ಟು ಹೋಗಬಹುದಾ?" ಮಗುವಿನ ಕಣ್ಣು ಅಗಲವಾಯಿತು. ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಿ ವಾಪಸ್ಸು ತರುವುದಷ್ಟೇ ಅವಳಿಗೆ ಗೊತ್ತಿದ್ದದ್ದು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹೋಗಿ, ಅದು ಅಲ್ಲೇ ಇದೆಯೇ ಎಂದು ತಿರುಗಿ ನೋಡಿ, ಆಮೇಲೆ ಬೀಸಿಕೊಂಡು ಬಂದ ಗಾಳಿಯಂತೆ ರಾಟೆಯ ಕಡೆ ಓಡಿದಳು. ಕಾಲರಕ್ಕ ಆ ತಟ್ಟೆಯನ್ನು ನೋಡುತ್ತ ನಿಂತಳು. ಅಳು ಬಂತು, ಅತ್ತಳು. ಚೆಕಿಂಗಕ್ಕ ಕಂಡೂ ಕಾಣದವಳಂತೆ ಕುರ್ಚಿಯ ಕಾಲು ತಿರುವಿ ಎಲ್ಲಿ ಸಡಿಲವಾಗಿದೆ ಎಂದು ನೋಡುತ್ತಿದ್ದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಕಾಲರಕ್ಕ ಫೋನು ತೆಗೆದಳು. ಮೊದಲು ಮಾಲೀಕರ ಅಂಗಡಿಗೆ ಕೊಟ್ಟಿದ್ದ ಐದು ಸ್ಟಾರನ್ನು ಅಳಿಸಿದಳು.

"ಮಾಲೀಕರು ಕೇಳಿದ್ರೆ ಏನೇ ಮಾಡ್ತೀಯಾ?" ಎಂದು ಗಂಡ ಗಾಬರಿಯಾದ.

"ಅಂಗಡಿಗೆ ಹೋಗಿ ನೋಡ್ಕೊಂಡು ಬಂದು ಬರೀತೀನಿ ಅಂತೀನಿ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತಾನೇ ಬರೀತೀನಿ."

ಆಮೇಲೆ ಕೆರೆ ಪಕ್ಕದ ಹೋಟೆಲಿನ ಬಗ್ಗೆ ಬರೆದಳು. ಫೈಲಿನ ಬಗ್ಗೆ, ಎಣ್ಣೆಯ ಬಗ್ಗೆ, ಒರಟು ದನಿಯ ಆ ದೊಡ್ಡ ಮನಸ್ಸಿನ ಬಗ್ಗೆ. ಇಪ್ಪತ್ತೆಂಟು ನಿಮಿಷ ಕಾದದ್ದನ್ನು, ಸಿಹಿ ಹೊರಗಿನಿಂದ ಬರುತ್ತದೆ ಮಕ್ಕಳಿಗೆ ಕೊಡಬೇಡಿ ಎನ್ನುವುದನ್ನು, ನೀವು ಹೋಗುವ ಮುಂಚೆ ನೀವೂ ಫೋನ್ ಮಾಡಿ ಕೇಳಿ ಎನ್ನುವುದನ್ನು ಬಿಡಲಿಲ್ಲ. ಬಾತುಕೋಳಿಯನ್ನೂ ಬಿಡಲಿಲ್ಲ.

"ಐದು ಸ್ಟಾರ್ ಒತ್ತೇ," ಎಂದ ಗಂಡ.

"ನಾಲ್ಕು. ಕುರ್ಚಿ ಅಲುಗಾಡುತ್ತೆ."

ಮೂರು ವಾರದ ನಂತರ, ಕೈಯಲ್ಲಿ ಕಾಲರ್ ಹಿಡಿದಿದ್ದಾಗ ಅವಳ ಫೋನು ಟಿಂಗ್ ಅಂದಿತು. ಅವಳ ರಿವ್ಯೂ ಕೆಳಗೆ ಯಾರೋ ಗೊತ್ತಿಲ್ಲದ ಹೆಂಗಸು ಎರಡು ಸಾಲು ಬರೆದಿದ್ದಳು. "ನನ್ನ ಮಗನಿಗೂ ಹೀಗೇ ಇದೆ ಅಕ್ಕಾ. ನಿಮ್ಮದನ್ನು ಓದಿ ಫೋನ್ ಮಾಡಿ ಕೇಳಿದೆ. ನಾಳೆ ನಾವೂ ಹೋಗುತ್ತಿದ್ದೇವೆ."

ಕಾಲರಕ್ಕ ಮೆಷಿನ್ನು ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ಅದನ್ನು ಚೆಕಿಂಗಕ್ಕನಿಗೆ ತೋರಿಸಿದಳು. ಚೆಕಿಂಗಕ್ಕ ದಾರ ಸುತ್ತಿದ ಕನ್ನಡಕ ಸರಿಮಾಡಿಕೊಂಡು ಓದಿದಳು. ಹೆಬ್ಬೆರಳನ್ನು ಆ ಸಾಲುಗಳ ಮೇಲೆ ಒಮ್ಮೆ ಓಡಿಸಿದಳು.

"ಇದರಲ್ಲಿ ಹೊಲಿಗೆ ಬಿಟ್ಟಿಲ್ಲ," ಎಂದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಂದಿನ ಸಲ ಫೋನಿನಲ್ಲಿ ಸ್ಟಾರ್ ಕಂಡರೆ ಬೆರಗಾಗಬೇಡಿ, ಬೆದರಲೂ ಬೇಡಿ. ಬರೆದವರು ಅಲ್ಲಿ ನಿಜವಾಗಿ ಕೂತಿದ್ದರೇ ಎಂದು ಸಾಲುಗಳ ಒಳಗೆ ನೋಡಿ, ಯಾವಾಗ ಬರೆದದ್ದೆಂದು ನೋಡಿ. ಬೈದವನು ಯಾಕೆ ಬೈದ ಎಂದು ಕೇಳಿಕೊಳ್ಳಿ, ಅವನ ಸಿಟ್ಟೇ ನಿಮಗೆ ದಾರಿ ತೋರಿಸಬಹುದು. ಮಗುವಿನ ಆರೋಗ್ಯದ ಮಾತಾದರೆ ಯಾರು ಎಷ್ಟು ಹೊಗಳಿದ್ದರೂ ಅಡುಗೆಮನೆಯವರನ್ನು ನೀವೇ ಕೇಳಿ, ಡಾಕ್ಟರು ಕೊಟ್ಟ ಮದ್ದು ಜೊತೆಯಲ್ಲೇ ಇರಲಿ. ಉಂಡು ಬಂದ ಮೇಲೆ ನೀವೂ ಬರೆಯಿರಿ. ಬನ್ನಿಗಾಗಿ ಬೇಡ, ಐಸ್‌ಕ್ರೀಮಿಗಾಗಿ ಬೇಡ. ನೀವು ಕೂತ ಕುರ್ಚಿ ಅಲುಗಾಡಿದ್ದರೆ ಅಲುಗಾಡಿತು ಎಂದೇ ಬರೆಯಿರಿ. ಎಲ್ಲೋ ಒಬ್ಬ ತಾಯಿ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ನಿಮ್ಮ ಮಾತನ್ನೇ ಓದುತ್ತಿರುತ್ತಾಳೆ.